ಕಂತಬಲೆ ಬಿಟ್ಟು ಎಳೆಗಾಳ ಹಿಡಿದೆ: ಕೇದರ್ ಮೀನಿನ ನನ್ನ ಅನುಭವ

ಕಂತಬಲೆ (ನೀರಲ್ಲಿ ಗೋಡೆಯಂತೆ ಇಳಿಬಿಡುವ ಬಲೆ) ಬಿಟ್ಟು, ಬರೀ ಎಳೆಗಾಳ (ಓಡುವ ಬೋಟಿನ ಹಿಂದೆ ದಾರ ಕಟ್ಟಿ ಎಳೆಯುವ ಗಾಳ) ನಂಬಿ ಕುಂದಾಪುರದ ಹತ್ತಿರದ ಗಂಗೊಳ್ಳಿಯಿಂದ ಕೇದರ್ (ಟ್ಯೂನಾ) ಹಿಡಿಯಲು ಬೋಟು ಬಿಡುತ್ತೇನೆ ಅಂದಾಗ, "ಡೀಸಿಲ್ ದುಡ್ಡೂ ಹುಟ್ಟುದಿಲ್ಲ ಮರಾಯ" ಅಂದವರೇ ಹೆಚ್ಚು. ಈ ಸಲ ಫೆಬ್ರವರಿಯಲ್ಲಿ ಹುಟ್ಟಿತು, ಚೆನ್ನಾಗಿಯೇ ಹುಟ್ಟಿತು.

ಮೊದಲೆರಡು ಹಂಗಾಮು ಬರೀ ನಷ್ಟ. ಒಮ್ಮೆ ಹೊರಟರೆ ಡೀಸೆಲ್, ಐಸು, ನಾಲ್ಕು ಜನರ ಅಕ್ಕಿ-ಸಾಮಾನು ಸೇರಿ 25 ಸಾವಿರದ ಹತ್ತಿರ ಬೀಳುತ್ತದೆ. ದೊಡ್ಡ ಕೇದರ್ ಕಚ್ಚಿದ ಕೂಡಲೇ ತಂಗೂಸಿ (ನೈಲಾನ್ ದಾರ) ಗಾಳದ ಬುಡದಲ್ಲೇ ತುಂಡು. ದಪ್ಪ ತಂಗೂಸಿ ಹಾಕಿದರೆ ಮೀನು ಹತ್ತಿರವೂ ಸುಳಿಯದು. ಅಗ್ಗದ ಗಾಳಗಳಂತೂ ನೆಟ್ಟಗಾಗಿ ವಾಪಸು ಬಂದವು. ಕೊನೆಗೆ ಕೈಹಿಡಿದದ್ದು ಹಳೇ ಸೈಕಲ್ ಟ್ಯೂಬು. ಬೋಟಿನ ಕಡೆ ದಾರದ ಬುಡಕ್ಕೆ ಒಂದು ಮಾರು ಟ್ಯೂಬು ಕಟ್ಟಿದೆ. ಮೊದಲ ಜಗ್ಗನ್ನು ಅದೇ ನುಂಗಿತು. ತಂಗೂಸಿ ತೆಳ್ಳಗಿದ್ದರೂ ಉಳಿಯಿತು.

ಆಮಿಷಕ್ಕೆ ಬೂತಾಯಿ ಮೀನಿನ ಖರ್ಚೂ ಇಲ್ಲ. ಗಾಳಕ್ಕೆ ಕೋಳಿಗರಿ ಕಟ್ಟುವುದು ಎಲ್ಲರಿಗೂ ಗೊತ್ತು. ನಾನು ಸಿಮೆಂಟ್ ಚೀಲದ ಎಳೆ ಬಿಚ್ಚಿ ಕಟ್ಟಿ ನೋಡಿದೆ, ಗರಿಗಿಂತ ಹೆಚ್ಚು ಕಚ್ಚಿತು. ಎಳೆಗೆ ಯಾವ ಬಣ್ಣ, ಗಾಳದಿಂದ ಎಷ್ಟು ಮೇಲೆ ಸೀಸ ಎಂಬುದು ನನ್ನ ಹತ್ತಿರವೇ ಇರಲಿ.

ಐವತ್ತು ಮಾರು ಆಳದಾಚೆ ಹಕ್ಕಿ ಮುಗಿಬೀಳುವಲ್ಲಿ ಡಾಲ್ಫಿನ್ ಹಿಂಡು ಸಿಕ್ಕಿತು. ನೂರರ ಮೇಲಿದ್ದಾವು. ಕಂತಬಲೆಯವರಿಗೆ ಡಾಲ್ಫಿನ್ ಕಂಡರೆ ಬಲೆಯದೇ ಚಿಂತೆ. ನನಗೆ ಅದೇ ಗುರುತು. ಹಳದಿ ರೆಕ್ಕೆಯ ಕೇದರ್ ಹೆಚ್ಚಾಗಿ ಇಂಥ ಹಿಂಡಿನ ಅಡಿಯಲ್ಲಿ ಸಾಗುತ್ತದೆ. ಹಿಂಡಿನ ಒಳಗೆ ನುಗ್ಗಬಾರದು. ಮುಂದೆ ದೂರದಲ್ಲಿ ಅಡ್ಡ ಹಾಯಬೇಕು, ಐದಾರು ನಾಟ್‌ಗಿಂತ ಜೋರು (ಗಂಟೆಗೆ ಸುಮಾರು ಹತ್ತು ಕಿ.ಮೀ.) ಬೇಡ. ನಾಲ್ಕು ದಾರವೂ ಒಟ್ಟಿಗೆ ಬಿಗಿದವು. ಒಂದೊಂದು 15-20 ಕಿಲೋ. ಹತ್ತಿದ ಕೂಡಲೇ ಕಿವಿರು ಕೊಯ್ದು ರಕ್ತ ಇಳಿಸಿ, ಹೊಟ್ಟೆಗೆ ಐಸು ತುಂಬಿದೆವು.

ಮಧ್ಯಾಹ್ನ ಎಂಜಿನ್ ನ್ಯೂಟ್ರಲ್‌ನಲ್ಲಿದ್ದಾಗ ಬೋಟಿನ ಪಕ್ಕಕ್ಕೇ ತಿಮಿಂಗಿಲ ಶಾರ್ಕ್ ಬಂತು. ನಮ್ಮ ಬೋಟಿನ ಮುಕ್ಕಾಲು ಉದ್ದ. ಬೆನ್ನಿಡೀ ಬಿಳಿ ಚುಕ್ಕಿ, ಹೊಟ್ಟೆಯಡಿ ಅಂಟುಮೀನು ಕಚ್ಚಿಕೊಂಡಿದ್ದವು. ಬಾಯಿ ಅಷ್ಟಗಲ ತೆರೆದು ನೀರು ಸೋಸುತ್ತಾ ಹೋಯಿತು. ಮೊದಲ ಸಲ ಬಂದಿದ್ದ ಹುಡುಗ ಹೆದರಿ, "ಅಣ್ಣಾ, ತಾಟೆ!" ಎಂದು ಕೂಗಿದ. ತಾಟೆ ಅಂದರೆ ಶಾರ್ಕ್. ತಿಮಿಂಗಿಲ ಶಾರ್ಕ್ ಮನುಷ್ಯರನ್ನು ಮುಟ್ಟುವ ಜಾತಿಯಲ್ಲ. ದಾರಗಳನ್ನೆಲ್ಲ ಒಳಗೆ ಎಳೆಸಿ, ಅದು ದೂರವಾಗುವ ತನಕ ಕಾದೆವು. 2001ರಿಂದ ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಕಂತಬಲೆಗೆ ಬಿದ್ದಿದ್ದರೆ ಬಲೆಯನ್ನೇ ಕೊಯ್ಯಬೇಕಿತ್ತು, ಲಕ್ಷದ ಮಾತು. ಗುಜರಾತಿನಲ್ಲಿ ಹಾಗೆ ಬಲೆ ಕೊಯ್ದು ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಒಳ್ಳೆಯ ಕ್ರಮ.

ಬರುವ ದಾರಿಯಲ್ಲಿ ತೇಲುತ್ತಿದ್ದ ಹರಕು ಬಲೆಯ ಮುದ್ದೆಯಲ್ಲಿ ಕಡಲಾಮೆಯೊಂದು ಸಿಕ್ಕಿಬಿದ್ದಿತ್ತು. ಮುಂಗಾಲಿನ ಚರ್ಮ ಹರಿದು ಎಳೆ ಒಳಗೇ ಹೂತಿತ್ತು. ಚೂರಿಯಿಂದ ಒಂದೊಂದೇ ಎಳೆ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ನೀರಿಗೆ ಬಿಟ್ಟದ್ದೇ ಕಾಲು ಬೀಸಿ ಮುಳುಗಿತು. ಆ ಮುದ್ದೆಯನ್ನು ಬೋಟಿಗೆ ಹಾಕಿಕೊಂಡೇ ಬಂದೆವು, ಇನ್ನೊಂದು ಆಮೆಗೆ ಅದು ಉರುಳಾಗಬಾರದಲ್ಲ.

ದಡದಲ್ಲಿ ತೂಗಿದಾಗ ಮುನ್ನೂರು ಕಿಲೋದ ಆಸುಪಾಸು. ಕಿಲೋಗೆ 150ರ ಮೇಲೆ ದರ ಸಿಕ್ಕಿತು, ರಕ್ತ ಇಳಿಸಿದ್ದಕ್ಕೆ ಬಣ್ಣ ಕೆಟ್ಟಿರಲಿಲ್ಲ. ಖರ್ಚು ಕಳೆದು ಪಾಲು ಹಂಚಿದ ಮೇಲೂ ಬೋಟಿನ ಸಾಲದ ಕಂತಿಗೆ ಹಣ ಉಳಿಯಿತು. ಜೂನ್-ಜುಲೈ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಬೋಟಿನ ಎರಡೂ ಬದಿಗೆ ಹೊರಗೆ ಚಾಚುವಂತೆ ಬಿದಿರು ಕಟ್ಟಿ ಆರು ದಾರ ಎಳೆಯುವ ಅಂದಾಜಿದೆ. ಬಿದಿರು ಈಗಲೇ ಕಡಿಸಿಟ್ಟಿದ್ದೇನೆ.