‘ಡಲ್’ಗೆ ಕನ್ನಡ ಹುಡುಕಿದ್ದು

ಅನುವಾದ ನನ್ನ ಕೆಲಸ. ಶುರುವಿನಲ್ಲಿ ಇಂಗ್ಲಿಷಿನ ‘ಡಲ್’ ಎಲ್ಲಿ ಬಂದರೂ ‘ಮಂದ’ ಅಂತ ಬರೆದು ಮುಂದೆ ಹೋಗುತ್ತಿದ್ದೆ. ನಿಘಂಟಿನಲ್ಲಿ ಇದೆಯಲ್ಲ, ಸಾಕು ಅನ್ನಿಸುತ್ತಿತ್ತು.

ಒಮ್ಮೆ ಆರೋಗ್ಯದ ಕರಪತ್ರವೊಂದರಲ್ಲಿ ‘ಡಲ್ ಪೇನ್’ ಸಿಕ್ಕಿತು. ‘ಹೊಟ್ಟೆಯಲ್ಲಿ ಮಂದ ನೋವು’ ಎಂದು ಬರೆದು ಅಮ್ಮನಿಗೆ ಓದಿದೆ.

“ಹಾಗಂದ್ರೆ ಏನೋ? ತಿಂದದ್ದು ಅರಗದೆ ಹೊಟ್ಟೆ ಮಂದ ಆಗತ್ತಲ್ಲ, ಅದಾ?”

“ಅಲ್ಲಮ್ಮ, ಚುಚ್ಚೋ ನೋವಲ್ಲ. ಜೋರೂ ಇರಲ್ಲ, ಬಿಡೋದೂ ಇಲ್ಲ.”

“ಒಳಗೊಳಗೇ ಸಣ್ಣಗೆ ನೋಯ್ತಾ ಇರತ್ತೆ ಅನ್ನು, ಮತ್ತೆ!”

ಹಾಗೇ ಬರೆದೆ. ‘ನೋವು’ ಹೋಗಿ ‘ನೋಯುತ್ತಿರುತ್ತದೆ’ ಬಂತು, ಮಾತು ತಿಳಿಯಾಯಿತು.

ಆಮೇಲಿಂದ ಮೊದಲು ಕೇಳಿಕೊಳ್ಳುವುದು ಒಂದೇ: ಡಲ್ ಆಗಿರುವುದು ಯಾವುದು? ಚಾಕುವಾದರೆ ಮೊಂಡು. ದೀಪವಾದರೆ ಮಂಕು. ಬಟ್ಟೆಯ ಬಣ್ಣವಾದರೆ ಮಾಸಿದೆ. ಭಾಷಣವಾದರೆ ಸಪ್ಪೆ. ಭಾರವಾದದ್ದೇನೋ ಬಿದ್ದ ‘ಡಲ್’ ಸದ್ದಿಗಂತೂ ‘ದೊಪ್ಪನೆ’ ಅಂದರೆ ಮುಗಿಯಿತು. ಕೇಳಿದರೇ ಗೊತ್ತಾಗುತ್ತದೆ, ಅದು ‘ಠಣ್’ ಅಲ್ಲ. ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ಇಂಗ್ಲಿಷ್ ನಿಘಂಟಿನಲ್ಲಿ ಈ ಪದದ ಒಂದು ಅರ್ಥಕ್ಕೆ ಕೊಟ್ಟ ಉದಾಹರಣೆ, ನಿಘಂಟು ಮಾಡುವುದು ಡಲ್ ಕೆಲಸ ಅಂತ. ಅಲ್ಲಿ ಸಪ್ಪೆಯೂ ಒಗ್ಗುವುದಿಲ್ಲ, ‘ಬೇಜಾರಿನ ಕೆಲಸ’ ಅನ್ನಬೇಕು.

ನನ್ನನ್ನು ಜಾಸ್ತಿ ಕಾಡಿದ್ದು ‘ಡಲ್‌ನೆಸ್’. ಸುಮ್ನೆ ‘ತನ’ ಅಂಟಿಸಿದರೆ ಅರ್ಥವೇ ಬೇರೆ ಕಡೆ ಹೋಗುತ್ತದೆ. ‘ಚಾಕುವಿನ ಮೊಂಡುತನ’ ಅಂದರೆ ಚಾಕು ಹಟ ಹಿಡಿದ ಹಾಗೆ. ‘ದೀಪದ ಮಂಕುತನ’ ಅಂದರೆ ದೀಪಕ್ಕೆ ಬುದ್ಧಿ ಕಡಿಮೆ ಅಂದ ಹಾಗೆ. ಅದಕ್ಕೇ ಈಗ ಆ ಪದವನ್ನು ಬಿಚ್ಚಿ ವಾಕ್ಯ ಮಾಡುತ್ತೇನೆ. ‘ಚಾಕುವಿನ ಮೊಂಡುತನದಿಂದ ಗಾಯವಾಗುತ್ತದೆ’ ಅಂತ ಬರೆದದ್ದನ್ನು ಹೊಡೆದು ಹಾಕಿ, ‘ಚಾಕು ಮೊಂಡಾಗಿದ್ದರೆ ಜಾರಿ ಕೈ ಕೊಯ್ಯುತ್ತದೆ’ ಅಂತ ತಿದ್ದಿದ್ದು ಇನ್ನೂ ನೆನಪಿದೆ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇನ್ನೂ ಹುಷಾರಾಗಿರಬೇಕು. ‘ಯಾಕೆ ಡಲ್ಲಾಗಿದ್ದೀಯಾ?’ ಅಂತ ನಾವು ಕೇಳುವುದು ಅಕ್ಕರೆಯಿಂದ, ಅಲ್ವಾ? ಮುಖ ಬಾಡಿದೆ, ಲವಲವಿಕೆ ಇಲ್ಲ ಅಂತ ಅರ್ಥ. ತಾಯಿಯೊಬ್ಬರ ಮಾತು ಅನುವಾದಕ್ಕೆ ಬಂದಿತ್ತು: ‘ಮಗು ಎರಡು ದಿನದಿಂದ ಡಲ್ಲಾಗಿದೆ.’ ನಾನು ‘ಡಲ್’ ಅಂತಲೇ ಇಟ್ಟೆ. ಇಂಗ್ಲಿಷಿನವರಿಗೆ ‘ಡಲ್ ಚೈಲ್ಡ್’ ಅಂದರೆ ದಡ್ಡ ಮಗು. ಕಳಿಸುವ ಮುಂಚೆ ಕಣ್ಣಿಗೆ ಬಿತ್ತು, ಎದೆ ಧಸಕ್ಕೆಂದಿತು. ಅದನ್ನು ತೆಗೆದು ‘ಲಿಸ್ಟ್‌ಲೆಸ್’, ಅಂದರೆ ಲವಲವಿಕೆ ಇಲ್ಲದ, ಅಂತ ಹಾಕಿದೆ.