ಬಸವನಹುಳು ತಡೆಯಲು ಬೋರ್ಡೋ ಮುಲಾಮಿನ ಪಟ್ಟಿ
ಅಡಿಕೆ, ಕಾಫಿ ತೋಟದವರಿಗೆ ಗೊತ್ತಿರುವ ಬೋರ್ಡೋ ಮುಲಾಮನ್ನೇ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣ ಬೆರೆಸಿದ ಲೇಪ) ಹೂಕುಂಡದ ಹೊರಮೈಗೂ ಪಾತಿಯ ಇಟ್ಟಿಗೆ ಅಂಚಿಗೂ ನಾಲ್ಕು ಬೆರಳು ಅಗಲದ ಪಟ್ಟಿಯಾಗಿ ಬಳಿಯಿರಿ. ಚಿಪ್ಪಿರಲಿ ಇಲ್ಲದಿರಲಿ, ಬಸವನಹುಳುಗಳು ಅದನ್ನು ದಾಟಲು ಹಿಂಜರಿಯುತ್ತವೆ. ಅವುಗಳ ಒದ್ದೆ ಲೋಳೆ ಮೈಗೆ ತಾಮ್ರ ತಾಗಿದರೆ ಕಿರಿಕಿರಿ. ಕೊಂಬು ಚಾಚಿ ಮುಟ್ಟಿ ನೋಡಿ, ಅಲ್ಲಿಂದಲೇ ತಿರುಗುತ್ತವೆ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಿ. ಪ್ಲಾಸ್ಟಿಕ್ ಬಕೆಟ್ ಆಗಲಿ, ಕಬ್ಬಿಣದ್ದು ಬೇಡ. ಚಾಕುವಿನ ತುದಿ ಅದ್ದಿ ನೋಡಿ. ಅದು ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಬೂದಿ, ಸುಣ್ಣದ ಪುಡಿಯ ಗೆರೆ ಒಂದೇ ಮಳೆಗೆ ಹೋಗುತ್ತದೆ. ಈ ಪಟ್ಟಿ ಒಣಗಿ ಅಂಟಿಕೊಂಡರೆ ಜಾಸ್ತಿ ದಿನ ಇರುತ್ತದೆ. ಹಾಗಾಗಿ ಮಳೆಗಾಲ ಶುರುವಾಗುವ ಮೊದಲೇ, ಬಿಸಿಲಿರುವ ದಿನ ಬಳಿಯಿರಿ. ಒಂದು ಎಲೆ ಹೊರಗಿನ ನೆಲಕ್ಕೆ ಬಾಗಿ ಮುಟ್ಟಿದರೂ ಸಾಕು, ಅದೇ ಅವಕ್ಕೆ ಸೇತುವೆ. ಪಾತಿಯೊಳಗೆ ಮೊದಲೇ ಸೇರಿಕೊಂಡಿರುವ ಹುಳು, ಮಣ್ಣಲ್ಲಿರುವ ಮೊಟ್ಟೆಗೂ ಇದರಿಂದ ಏನೂ ಆಗದು. ಆಫ್ರಿಕನ್ ದೈತ್ಯ ಬಸವನಹುಳು ಒಂದು ಸಲಕ್ಕೇ ನೂರಾರು ಮೊಟ್ಟೆ ಇಡುತ್ತದೆ. ಅದಕ್ಕೇ ಪಟ್ಟಿ ಬಳಿದ ಮೇಲೂ ಕೆಲವು ರಾತ್ರಿ ಟಾರ್ಚ್ ಹಿಡಿದು ಒಳಗಿನವನ್ನು ಹೆಕ್ಕಲೇಬೇಕು. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಮನುಷ್ಯರಿಗೆ ರೋಗ ತರುವ ಪರಾವಲಂಬಿ ಹುಳುಗಳು ಅವುಗಳಲ್ಲಿರಬಹುದು. ಮುಲಾಮನ್ನು ಮಣ್ಣಿಗೆ ಚೆಲ್ಲಲೂ ಬೇಡಿ, ತಾಮ್ರ ಹೆಚ್ಚಾದರೆ ಎರೆಹುಳುಗಳಿಗೆ ಕೇಡು.