ಬಂಡಲ್ ಆಕ್ಟಿವ್, ಎಸ್‌ಎಂಎಸ್ ನಾಪತ್ತೆ

ರಾತ್ರಿ ಹನ್ನೊಂದರ ಹೊತ್ತಿಗೆ ಆಪರೇಶನ್ಸ್ ಹುಡುಗನ ಫೋನ್ ಬಂತು. "ಸರ್, ಲಾಗ್‌ನಲ್ಲಿ ಎಸ್‌ಎಂಎಸ್ ಹೋಗಿದೆ ಅಂತಿದೆ. ನನ್ನ ನಂಬರ್ ಹಾಕಿಯೇ ನೋಡಿದೆ, ಒಂದೂ ಬಂದಿಲ್ಲ."

ಎರಡು ಗಂಟೆ ಮುಂಚೆಯಷ್ಟೇ ಹೊಸ ಬಿಲ್ಡ್ ಹಾಕಿದ್ದೆವು. ಗೋದಾಮಿನಿಂದ ಸರಕು ಹೊರಟಾಗ ಗಿರಾಕಿಗೆ ಎಸ್‌ಎಂಎಸ್ ಕಳಿಸುವ ಜಾವಾ ಅಪ್ಲಿಕೇಶನ್ ಅದು. ಓಎಸ್‌ಜಿಐ ಪದ್ಧತಿಯ ಅಪ್ಲಿಕೇಶನ್‌ಗಳನ್ನು ಓಡಿಸುವ ಅಪಾಚೆ ಕರಾಫ್ ಅನ್ನುವ ಸಾಫ್ಟ್‌ವೇರ್ ಮೇಲೆ ಓಡುತ್ತದೆ. ಅದರ ಕನ್ಸೋಲ್‌ಗೆ ಹೋಗಿ ಬಂಡಲ್‌ಗಳ, ಅಂದರೆ ಅಪ್ಲಿಕೇಶನ್ನಿನ ತುಂಡುಗಳ, ಲಿಸ್ಟ್ ತೋರಿಸುವ ಕಮಾಂಡ್ ಕೊಟ್ಟೆ. ಎಲ್ಲದರ ಮುಂದೆಯೂ 'ಆಕ್ಟಿವ್'. ಲಾಗ್ ತುಂಬ ಹುಡುಕಿದರೂ ಒಂದು ಎಕ್ಸೆಪ್ಶನ್, ಅಂದರೆ ಎರರ್, ಸಿಗಲಿಲ್ಲ. ನಮ್ಮಿಂದ ಎಸ್‌ಎಂಎಸ್ ತೆಗೆದುಕೊಂಡು ಮುಂದೆ ಕಳಿಸುವ ಗೇಟ್‌ವೇ ಕಡೆಯಿಂದ 200, ಅಂದರೆ 'ಸರಿಯಾಗಿದೆ', ಅಂತ ಉತ್ತರವೂ ಬರುತ್ತಿದೆ. ಎಲ್ಲ ಸರಿ ಇದೆ, ಆದರೆ ಯಾರ ಫೋನೂ ಟಿಂಗ್ ಅನ್ನುತ್ತಿಲ್ಲ.

ಓಎಸ್‌ಜಿಐ ಪರಿಚಯ ಇಲ್ಲದವರಿಗೆ ಎರಡು ಮಾತು. ಜಾವಾ ಅಪ್ಲಿಕೇಶನ್ನನ್ನು ಬಿಡಿ ಬಿಡಿ ತುಂಡುಗಳಾಗಿ ಕಟ್ಟಿ, ಓಡುತ್ತಿರುವಾಗಲೇ ಹಾಕಿ ತೆಗೆಯಲು ಬಿಡುವ ವ್ಯವಸ್ಥೆ ಇದು, 1999ರಲ್ಲಿ ಶುರುವಾದದ್ದು. 2004ರಲ್ಲಿ ಕೋಡ್ ಬರೆಯುವ ಟೂಲ್ ಎಕ್ಲಿಪ್ಸ್ 3.0 ಇದರ ಮೇಲೆ ಕೂತ ಮೇಲೆ ಜಾವಾದವರಿಗೆಲ್ಲ ಹೆಸರು ಗೊತ್ತಾಯಿತು. ಜಾವಾ ಕೋಡ್ ಕಟ್ಟಿಟ್ಟ ಜಾರ್ ಫೈಲಿನ ಮ್ಯಾನಿಫೆಸ್ಟ್‌ನಲ್ಲಿ, ಅಂದರೆ ಅದರ ವಿವರದ ಚೀಟಿಯಲ್ಲಿ, ನನಗೆ ಯಾವ ಪ್ಯಾಕೇಜ್ ಬೇಕು, ನಾನು ಯಾವುದನ್ನು ಹೊರಗೆ ಕೊಡುತ್ತೇನೆ ಅಂತ ಬರೆದರೆ ಅದು ಬಂಡಲ್. ಆ ಬಂಡಲ್ ಒಳಗೆ ನಿಜವಾಗಿ ಕೆಲಸ ಮಾಡುವ ಕಾಂಪೊನೆಂಟ್‌ಗಳು. ಕ್ಲಾಸ್ ಮೇಲೆ 'ಕಾಂಪೊನೆಂಟ್' ಅಂತ ಅನೋಟೇಶನ್ (ಕೋಡಿಗೆ ಅಂಟಿಸುವ ಗುರುತು), ಅದಕ್ಕೆ ಬೇಕಾದ ಬೇರೆ ಸರ್ವಿಸ್‌ಗಳ ಮೇಲೆ 'ರೆಫರೆನ್ಸ್' ಅಂತ ಅನೋಟೇಶನ್. ಬಿಲ್ಡ್ ಆಗುವಾಗಲೇ ಬಿಎನ್‌ಡಿ ಅನ್ನುವ ಟೂಲ್ ಇವನ್ನು ಓದಿ ಒಂದು ಎಕ್ಸ್‌ಎಂಎಲ್ ಫೈಲ್ ಮಾಡಿ ಜಾರ್ ಒಳಗೆ ಇಡುತ್ತದೆ. ಓಡುವಾಗ ನೋಡುವುದು ಆ ಎಕ್ಸ್‌ಎಂಎಲ್ ಅನ್ನೇ. ಅದಕ್ಕೇ ಏನಾದರೂ ವಿಚಿತ್ರ ಕಂಡರೆ ನಾನು ಮೊದಲು ಜಾರ್ ಬಿಚ್ಚಿ ಆ ಫೈಲ್ ಇದೆಯಾ ಅಂತ ನೋಡುತ್ತೇನೆ.

ಸರಿ, ಆ ರಾತ್ರಿಗೆ ಬರೋಣ. ಬಂಡಲ್ ಲಿಸ್ಟ್ ಬಿಟ್ಟು ಕಾಂಪೊನೆಂಟಿನ ವಿವರ ತೋರಿಸುವ ಎಸ್‌ಸಿಆರ್ ಇನ್ಫೋ ಕಮಾಂಡ್ ಕೊಟ್ಟೆ. ಕಾಂಪೊನೆಂಟ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಭಾಗವೇ ಎಸ್‌ಸಿಆರ್. ಅದರ ಪ್ರಾಪರ್ಟಿಗಳಲ್ಲಿ ಗೇಟ್‌ವೇ ವಿಳಾಸ ಕಂಡ ತಕ್ಷಣ ತಲೆ ಮೇಲೆ ಕೈ ಇಟ್ಟುಕೊಂಡೆ. ನಮ್ಮ ಟೆಸ್ಟ್ ಸರ್ವರ್ ವಿಳಾಸ! ಏನು ಕಳಿಸಿದರೂ 200 ಅನ್ನುವ ಡಮ್ಮಿ ಅದು.

ಆದದ್ದು ಇಷ್ಟು. ಕರಾಫ್‌ನಲ್ಲಿ ಇಟಿಸಿ ಫೋಲ್ಡರ್‌ನೊಳಗೆ ಸೆಟ್ಟಿಂಗ್‌ಗಳನ್ನು ಬರೆದ ಸಿಎಫ್‌ಜಿ ಫೈಲ್ ಇಟ್ಟರೆ, ಆ ಫೈಲಿನ ಹೆಸರೇ ಕಾನ್ಫಿಗರೇಶನ್ನಿನ ವಿಳಾಸ. ಅದಕ್ಕೆ ಪಿಐಡಿ ಅನ್ನುತ್ತಾರೆ. ಕಾಂಪೊನೆಂಟಿಗೆ ನಾವೇ ಹೆಸರು ಕೊಡದಿದ್ದರೆ ಪ್ಯಾಕೇಜ್ ಸಮೇತ ಕ್ಲಾಸಿನ ಪೂರ್ತಿ ಹೆಸರೇ ಅದರ ಪಿಐಡಿ ಆಗುತ್ತದೆ. ನಾನು ಆ ವಾರ ಕೋಡ್ ಚೊಕ್ಕ ಮಾಡುತ್ತೇನೆ ಅಂತ ಪ್ಯಾಕೇಜಿನ ಹೆಸರು ಬದಲಿಸಿದ್ದೆ. ಸರ್ವರ್ ಮೇಲಿನ ಸಿಎಫ್‌ಜಿ ಫೈಲ್ ಮಾತ್ರ ಹಳೇ ಹೆಸರಿನಲ್ಲೇ ಉಳಿದಿತ್ತು. ಹಳೇ ಮನೆಗೆ ಕಾಗದ ಹೋದ ಹಾಗೆ. ಕಾನ್ಫಿಗ್ ಸಿಗದಿದ್ದರೂ ಕಾಂಪೊನೆಂಟ್ ಏಳಬಹುದು ಅನ್ನುವುದು ಡಿಫಾಲ್ಟ್ ಪಾಲಿಸಿ. ಅದು ಸುಮ್ನೆ ಎದ್ದು, ನಾನು ಅನೋಟೇಶನ್ನಿನಲ್ಲಿ ಡಿಫಾಲ್ಟ್ ಅಂತ ಬರೆದಿದ್ದ ಟೆಸ್ಟ್ ವಿಳಾಸ ಹಿಡಿದುಕೊಂಡು ಕೆಲಸ ಮಾಡತೊಡಗಿತ್ತು. ತಪ್ಪು ನನ್ನದೇ.

ಫೈಲಿಗೆ ಹೊಸ ಹೆಸರು ಇಟ್ಟೆ. ಒಂದೆರಡು ಸೆಕೆಂಡಿನಲ್ಲಿ ಹುಡುಗ ಫೋನ್‌ನಲ್ಲೇ "ಬಂತು ಸರ್, ಬಂತು" ಅಂದ. ಕಳಿಸದೆ ಉಳಿದದ್ದನ್ನೆಲ್ಲ ಬೆಳಿಗ್ಗೆ ಮತ್ತೆ ಕಳಿಸಿದೆವು.

ಮರುದಿನ ಎರಡು ಬದಲಾವಣೆ ಮಾಡಿದೆ. ಪ್ರತಿ ಕಾಂಪೊನೆಂಟಿಗೂ ಪಿಐಡಿಯನ್ನು ಕೈಯಾರೆ ಬರೆದೆ, ಚಿಕ್ಕ ಹೆಸರು, ಪ್ಯಾಕೇಜಿಗೂ ಅದಕ್ಕೂ ಸಂಬಂಧ ಇಲ್ಲ. ಆಮೇಲೆ ಹೊರಗಿನವರ ಜೊತೆ ಮಾತಾಡುವ ಕಾಂಪೊನೆಂಟ್‌ಗಳಿಗೆಲ್ಲ ಕಾನ್ಫಿಗರೇಶನ್ ಪಾಲಿಸಿಯನ್ನು 'ರಿಕ್ವೈರ್' ಮಾಡಿದೆ. ಕಾನ್ಫಿಗ್ ಇಲ್ಲದಿದ್ದರೆ ಏಳಲೇಬೇಡ ಅಂತ. ವಿಳಾಸಕ್ಕೆ, ಪಾಸ್‌ವರ್ಡಿಗೆ ಡಿಫಾಲ್ಟ್ ಬೆಲೆ ಕೊಡುವುದನ್ನು ಅಂದಿನಿಂದ ಬಿಟ್ಟೆ. ಟೈಮ್‌ಔಟ್ ಥರದ್ದಕ್ಕೆ ಡಿಫಾಲ್ಟ್ ಇರಲಿ, ತೊಂದರೆ ಇಲ್ಲ.

ಆದರೆ ರಿಕ್ವೈರ್ ಹಾಕಿದ ಮೇಲೆ ಇನ್ನೊಂದು ತರಲೆ. ಕಾನ್ಫಿಗ್ ಸಿಗದ ಕಾಂಪೊನೆಂಟ್ ಏಳುವುದೂ ಇಲ್ಲ, ಕೂಗುವುದೂ ಇಲ್ಲ. ಅದನ್ನು ನೆಚ್ಚಿಕೊಂಡ ಕಾಂಪೊನೆಂಟೂ ಏಳುವುದಿಲ್ಲ, ಅದನ್ನು ನೆಚ್ಚಿಕೊಂಡದ್ದೂ ಇಲ್ಲ. ಬಂಡಲ್ ಮಾತ್ರ ಆಕ್ಟಿವ್. ದೀಪ ಉರಿಯುತ್ತಿದೆ ಅಂದ ಮಾತ್ರಕ್ಕೆ ಒಲೆ ಹಚ್ಚಿದ್ದಾರೆ ಅಂತಲ್ಲ, ಅಲ್ವಾ? ಹಾಗಾಗಿ ನಾನು ನೋಡುವುದು ಎಲ್ಲ ಕಾಂಪೊನೆಂಟ್‌ಗಳ ಸ್ಥಿತಿ ತೋರಿಸುವ ಎಸ್‌ಸಿಆರ್ ಲಿಸ್ಟ್. ಅಲ್ಲಿ 'ಅನ್‌ಸ್ಯಾಟಿಸ್‌ಫೈಡ್ ರೆಫರೆನ್ಸ್' ಅಂತಿದ್ದರೆ ಇನ್ಯಾರಿಗೋ ಕಾಯುತ್ತಿದೆ ಅಂತ ಅರ್ಥ. ಆ ಇನ್ಯಾರನ್ನು ಹುಡುಕಿ, ಅವರು ಯಾರಿಗೆ ಕಾಯುತ್ತಿದ್ದಾರೆ ನೋಡಿ, ಹೀಗೆ ಹಿಂದೆ ಹಿಂದೆ ಹೋದರೆ ಸಾಮಾನ್ಯವಾಗಿ ಕೊನೆಯಲ್ಲಿ ಹೆಸರು ತಪ್ಪಿದ ಒಂದು ಸಿಎಫ್‌ಜಿ ಫೈಲ್ ಸಿಗುತ್ತದೆ. 'ಸ್ಯಾಟಿಸ್‌ಫೈಡ್' ಅಂತಷ್ಟೇ ಇದ್ದು 'ಆಕ್ಟಿವ್' ಇಲ್ಲದಿದ್ದರೆ ಹೆದರಬೇಡಿ. ಯಾರಾದರೂ ಆ ಸರ್ವಿಸ್ ಕೇಳುವವರೆಗೂ ಆಬ್ಜೆಕ್ಟ್ ಹುಟ್ಟುವುದಿಲ್ಲ, ಅಷ್ಟೇ.

ಕೆಲವು ತಿಂಗಳಾದ ಮೇಲೆ ಎರಡನೇ ಗೇಟ್‌ವೇ ಬೇಕಾಯಿತು. ಒಂದು ಮಲಗಿದರೆ ಇನ್ನೊಂದರಿಂದ ಕಳಿಸಬೇಕು. ಇಲ್ಲಿ ಈ ವ್ಯವಸ್ಥೆ ನನಗೆ ತುಂಬ ಹಿಡಿಸಿತು. ಕೋಡ್ ಒಂದೇ. ಸಿಎಫ್‌ಜಿ ಫೈಲಿನ ಹೆಸರಿನಲ್ಲಿ ಪಿಐಡಿ ಆದ ಮೇಲೆ ಒಂದು ಅಡ್ಡಗೆರೆ ಹಾಕಿ 'ಒಂದು', 'ಎರಡು' ಅಂತ ಎರಡು ಫೈಲ್ ಇಟ್ಟರೆ ಒಂದೇ ಕ್ಲಾಸಿನಿಂದ ಎರಡು ಕಾಂಪೊನೆಂಟ್ ಏಳುತ್ತವೆ, ಒಂದೊಂದಕ್ಕೂ ಅದರದೇ ವಿಳಾಸ. ಇದು ಫ್ಯಾಕ್ಟರಿ ಕಾನ್ಫಿಗರೇಶನ್. ಕಳಿಸುವ ಕಾಂಪೊನೆಂಟಿನಲ್ಲಿ ಗೇಟ್‌ವೇಗಳ ಲಿಸ್ಟ್ ಒಂದು ರೆಫರೆನ್ಸ್.

ಆದರೂ ಎರಡನೇ ಗೇಟ್‌ವೇ ಒಮ್ಮೊಮ್ಮೆ ಲಿಸ್ಟಿನಲ್ಲಿ ಇರುತ್ತಿರಲಿಲ್ಲ. ರೀಸ್ಟಾರ್ಟ್ ಮಾಡಿದರೆ ಒಂದು ಸಲ ಇರುತ್ತದೆ, ಇನ್ನೊಂದು ಸಲ ಇರುವುದಿಲ್ಲ. ಅರ್ಧ ದಿನ ಕಳೆದ ಮೇಲೆ ತಿಳಿಯಿತು. ರೆಫರೆನ್ಸ್ ಡಿಫಾಲ್ಟ್ ಆಗಿ 'ಸ್ಟ್ಯಾಟಿಕ್', ಜೊತೆಗೆ 'ರಿಲಕ್ಟಂಟ್'. ಅಂದರೆ ಕಾಂಪೊನೆಂಟ್ ಏಳುವ ಕ್ಷಣದಲ್ಲಿ ಯಾರಿದ್ದಾರೋ ಅವರಷ್ಟೇ. ಪಂಕ್ತಿ ಕೂತು ಬಾಗಿಲು ಹಾಕಿದ ಮೇಲೆ ಬಂದವರಿಗೆ ಎಲೆ ಇಲ್ಲ. ಲಿಸ್ಟ್ ಇಟ್ಟುಕೊಂಡ ಫೀಲ್ಡನ್ನು ವೊಲಾಟೈಲ್ (ನಡುವೆ ಬದಲಾಗಬಹುದು ಅನ್ನುವ ಗುರುತು) ಮಾಡಿ ರೆಫರೆನ್ಸನ್ನು 'ಡೈನಾಮಿಕ್' ಮಾಡಿದೆ, ತಡವಾಗಿ ಬಂದವರೂ ಸೇರಿಕೊಂಡರು. ಎರಡೂ ಬರುವವರೆಗೆ ಶುರುವಾಗಲೇಬಾರದು ಅಂತಿದ್ದರೆ ಅದಕ್ಕೂ ದಾರಿ ಇದೆ. ಸಿಎಫ್‌ಜಿಯಲ್ಲಿ ರೆಫರೆನ್ಸಿನ ಹೆಸರಿನ ಕೊನೆಗೆ 'ಡಾಟ್ ಕಾರ್ಡಿನಾಲಿಟಿ ಡಾಟ್ ಮಿನಿಮಮ್' ಸೇರಿಸಿ 2 ಅಂತ ಬರೆದರೆ ಆಯಿತು. ಕೋಡ್ ಮುಟ್ಟಬೇಕಾಗಿಲ್ಲ. ನನ್ನ ಪ್ರಕಾರ ಇಡೀ ಸ್ಪೆಸಿಫಿಕೇಶನ್ನಿನಲ್ಲಿ ಜನ ಅತಿ ಕಡಿಮೆ ಬಳಸುವ ಒಳ್ಳೆಯ ಸೌಲಭ್ಯ ಇದು.

ಇನ್ನೊಂದು ಚಿಕ್ಕ ಸಂಗತಿ, ಆದರೆ ಕಾಟ ಜಾಸ್ತಿ. ಕಾನ್ಫಿಗನ್ನು ಒಂದು ಅನೋಟೇಶನ್ ಟೈಪಿನ ಮೂಲಕ ಓದಬಹುದು, ಮೆಥಡ್ ಹೆಸರೇ ಪ್ರಾಪರ್ಟಿಯ ಹೆಸರು. ಜಾವಾ ಹೆಸರಿನಲ್ಲಿ ಚುಕ್ಕೆ ಇಡಲು ಆಗುವುದಿಲ್ಲವಲ್ಲ, ಅದಕ್ಕೆ ಅಂಡರ್‌ಸ್ಕೋರ್ ಹಾಕಿದರೆ ಅದು ಚುಕ್ಕೆ ಆಗುತ್ತದೆ. ನನ್ನ ಜೊತೆಯ ಹುಡುಗಿ ಮೆಥಡ್‌ಗೆ 'ರಿಟ್ರೈಕೌಂಟ್' ಅಂತ ಕೂಡಿಸಿ ಬರೆದಿದ್ದಳು, ಸಿಎಫ್‌ಜಿಯಲ್ಲಿ ನಡುವೆ ಚುಕ್ಕೆ ಇತ್ತು. ಸಿಗದ ಸಂಖ್ಯೆಗೆ ಎರರ್ ಬರುವುದಿಲ್ಲ, 0 ಬರುತ್ತದೆ. ಸೊನ್ನೆ ಸಲ ಮರುಪ್ರಯತ್ನ! ಈಗ ಕಾಂಪೊನೆಂಟ್ ಏಳುವಾಗ ಓಡುವ ಆಕ್ಟಿವೇಟ್ ಮೆಥಡ್‌ನಲ್ಲಿ ಬಂದ ಬೆಲೆಗಳನ್ನೆಲ್ಲ, ಪಾಸ್‌ವರ್ಡ್ ಬಿಟ್ಟು, ಒಂದು ಸಾಲಿನಲ್ಲಿ ಲಾಗ್ ಮಾಡುತ್ತೇವೆ.

ಸಿಎಫ್‌ಜಿ ಬದಲಿಸಿದಾಗಲೆಲ್ಲ ಕಾಂಪೊನೆಂಟ್ ಬಿದ್ದು ಏಳುತ್ತದೆ, ಅದನ್ನು ಹಿಡಿದುಕೊಂಡವೂ ಸಾಲಾಗಿ ಬಿದ್ದು ಏಳುತ್ತವೆ. ಒಂದು ಟೈಮ್‌ಔಟ್ ತಿದ್ದಿದ್ದಕ್ಕೆ ಇಷ್ಟು ರಾದ್ಧಾಂತ ಬೇಡ ಅನ್ನಿಸಿದರೆ 'ಮಾಡಿಫೈಡ್' ಅನೋಟೇಶನ್ ಇರುವ ಮೆಥಡ್ ಒಂದು ಬರೆಯಿರಿ. ಆಗ ಕಾಂಪೊನೆಂಟ್ ನಿಂತ ಜಾಗದಲ್ಲೇ ಹೊಸ ಬೆಲೆ ತೆಗೆದುಕೊಳ್ಳುತ್ತದೆ.

ಡಿಪ್ಲಾಯ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಪ್ಲಾಯ್ ಫೋಲ್ಡರಿಗೆ ನೆಟ್‌ವರ್ಕ್ ಮೇಲಿಂದ ನೇರವಾಗಿ ಜಾರ್ ಕಾಪಿ ಮಾಡಬೇಡಿ, ಅರ್ಧ ಬಂದ ಫೈಲನ್ನೇ ಕರಾಫ್ ಎತ್ತಿಕೊಳ್ಳಬಹುದು. ಅದೇ ಡಿಸ್ಕಿನ ಬೇರೆ ಫೋಲ್ಡರಿಗೆ ತಂದು ಆಮೇಲೆ ಮೂವ್ ಮಾಡಿ. ಸಿಎಫ್‌ಜಿ ಮೊದಲು, ಜಾರ್ ಆಮೇಲೆ. ನಾವೀಗ ಅದನ್ನೂ ಬಿಟ್ಟು, ಬಂಡಲ್‌ಗಳನ್ನೆಲ್ಲ ವರ್ಶನ್ ಸಮೇತ ಒಂದು ಫೀಚರ್ ಫೈಲಿನಲ್ಲಿ ಬರೆದು ಅದನ್ನೇ ಇನ್‌ಸ್ಟಾಲ್ ಮಾಡುತ್ತೇವೆ.

2017ರಲ್ಲಿ ಜಾವಾ 9ರ ಜೊತೆ ಮಾಡ್ಯೂಲ್ ಬಂತಲ್ಲ, ಇನ್ನೂ ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ಅದು ಕೋಡಿಗೆ ಗೋಡೆ ಕಟ್ಟುತ್ತದೆ, ಸರಿ. ಆದರೆ ಓಡುತ್ತಿರುವಾಗಲೇ ಒಂದು ಗೇಟ್‌ವೇ ಹೋಗಿ ಇನ್ನೊಂದು ಬರುವುದನ್ನು ಅದು ನೋಡಿಕೊಳ್ಳುವುದಿಲ್ಲ. ನಮಗೆ ಬೇಕಿದ್ದದ್ದು ಅದೇ.

ಆಪರೇಶನ್ಸ್ ಹುಡುಗ ಈಗ ಫೋನ್ ಮಾಡುವ ಮುಂಚೆ ಎಸ್‌ಸಿಆರ್ ಲಿಸ್ಟ್ ಕೊಟ್ಟು ಅದರ ಫೋಟೋ ಕಳಿಸುತ್ತಾನೆ. ಹೋದ ವಾರ ಕಳಿಸಿದ ಫೋಟೋದಲ್ಲಿ ಒಂದು ಅನ್‌ಸ್ಯಾಟಿಸ್‌ಫೈಡ್ ಸಾಲಿಗೆ ಕೆಂಪು ಸುತ್ತು ಹಾಕಿದ್ದ. ಕೆಳಗೆ ಬರೆದಿದ್ದ: "ಸರ್, ಫೈಲಿನ ಹೆಸರಲ್ಲಿ ಒಂದು ಅಕ್ಷರ ಕ್ಯಾಪಿಟಲ್ ಆಗಿತ್ತು. ಸರಿ ಮಾಡಿದೀನಿ, ನೀವು ಮಲ್ಕೊಳ್ಳಿ."